ಏಳು ಒಂದುಗಳ ಹಟ

ಲೆಕ್ಕ ಕಲಿಸುವವರಿಗೆ ಒಂದು ಸಂಖ್ಯೆಯ ಮೇಲೆ ಹಟ ಹುಟ್ಟಿತೆಂದರೆ ಸುತ್ತಲಿನವರಿಗೂ ನೆಮ್ಮದಿ ಇರುವುದಿಲ್ಲ. ಐವತ್ತರ ದಶಕದಲ್ಲಿ ನಾನು ಪರೇಲಿನ ಕನ್ನಡ ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದಾಗ ನಡೆದದ್ದು ಹೇಳುತ್ತೇನೆ.

ಪ್ರಶ್ನೆ

ಏಳನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು, "ಅಕ್ಕೋರ, 111 ಮೂರರಿಂದ ಭಾಗ ಹೋಗತದ, 1111 ಹನ್ನೊಂದರಿಂದ, 11111 ನಲವತ್ತೊಂದರಿಂದ. ಏಳು ಒಂದು ಬರದ್ರ ಯಾವುದರಿಂದ ಹೋಗತದ್ರಿ?" ಎಂದಳು.

ನನಗೆ ಗೊತ್ತಿರಲಿಲ್ಲ. "ಕಂಡುಹಿಡಿದು ಹೇಳತೇನಿ" ಎಂದೆ.

ಉಡುಪಿ ಕಡೆಯ ಹೆಡ್‌ಮಾಸ್ತರರಿಗೆ ಸುದ್ದಿ ಮುಟ್ಟಿತು. "ಇದು ಪರೀಕ್ಷೆಗೆ ಬರ್ತದಾ?"

"ಇಲ್ಲ ಸರ್."

"ಮತ್ತೆ ಯಾಕೆ ಮಾರಾಯ್ರೆ ತಲೆಬಿಸಿ?"

"ಪರೀಕ್ಷೆಗೆ ಬರೋದಾಗಿದ್ರೆ ಉತ್ತರ ಪುಸ್ತಕದ ಹಿಂದೇನೇ ಇರ್ತಿತ್ತು ಸರ್."

ಲೋಕಲ್‌ನಲ್ಲಿ

ಗೋರೆಗಾಂವ್‌ನಿಂದ ದಿನಾ ರೈಲಿನ ಲೇಡೀಸ್ ಡಬ್ಬದಲ್ಲಿ ಬರುವಾಗ ನೋಟ್‌ಬುಕ್ ಬಿಚ್ಚಿ ಬಾಯಲ್ಲೇ ಗುಣಿಸುತ್ತಿದ್ದೆ. ಐವತ್ತಮೂರಾಯಿತು, ಐವತ್ತೊಂಬತ್ತಾಯಿತು, ಅರವತ್ತೊಂದೂ ಆಯಿತು. ಪಕ್ಕದಲ್ಲಿ ಕೂತಿದ್ದ ಮರಾಠಿ ಹೆಂಗಸು, ಯಾವ ದೇವರ ಜಪ ಎಂದು ಕೇಳಿದಳು.

"ಜಪವಲ್ಲ, ಎಷ್ಟು ಮಾಡಿದರೂ ಶೇಷ ಬರುತ್ತಿದೆ" ಎಂದೆ, ನನಗೆ ಬರುವಷ್ಟು ಮರಾಠಿಯಲ್ಲಿ.

ಅವಳು ತಟ್ಟನೆ ಕೈಮುಗಿದಳು. ಮರುದಿನ ನನ್ನ ಶೇಷನಿಗೆಂದು ಒಂದು ಲೋಟ ಹಾಲು ತಂದಿದ್ದಳು.

ಭಾಗ

ನಮ್ಮದು ಸಾಲುಮನೆಗಳ ಚಾಳಿನಲ್ಲಿ ಒಂದೇ ಖೋಲಿಯ ಮನೆ. ಅಲ್ಲಿ ಗುಟ್ಟು ಎಂಬುದಿಲ್ಲ. ನಾನು ದಿನಾ ಸಂಜೆ, "ಇವತ್ತೂ ಭಾಗ ಆಗವಲ್ದು" ಎಂದು ಗೊಣಗುವುದು ನೆರೆಮನೆಗೆ ಕೇಳಿಸಿ, ಅಲ್ಲಿಂದ ವಿಕ್ರೋಳಿಯಲ್ಲಿದ್ದ ಮೈದುನನವರೆಗೂ ಹೋಯಿತು. ಅವನು ಭಾನುವಾರ ಮುಖ ಸಣ್ಣ ಮಾಡಿಕೊಂಡು ಬಂದ.

"ವೈನಿ, ಭಾಗ ಬೇಕಾದ್ರ ನನ್ನ ಕೇಳಬಾರದಿತ್ತೇನು? ಎಷ್ಟರ ಮಾತು?"

"ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು" ಎಂದೆ, ನೋಟ್‌ಬುಕ್ಕಿನಿಂದ ತಲೆ ಎತ್ತದೆ.

ಅವನು ಮೂಲೆಯಲ್ಲಿ ಕೂತಿದ್ದ ನನ್ನ ಅತ್ತೆಯ ಕಡೆ ತಿರುಗಿದ. "ಅವ್ವಾ! ಅಪ್ಪ ಇಷ್ಟೆಲ್ಲಾ ಎಲ್ಲಿಟ್ಟಿದ್ದ?"

ಉತ್ತರ

ಮೂರು ವಾರ ಬಿಡಲಿಲ್ಲ. ಸಾವಿರದ ಐವತ್ತೊಂದರ ತನಕದ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿದೆ. ವರ್ಗಮೂಲ ಅಲ್ಲಿಗೇ ಮುಗಿಯುವುದರಿಂದ ಅದರಾಚೆ ನೋಡುವ ಅಗತ್ಯವಿರಲಿಲ್ಲ. ಯಾವುದರಿಂದಲೂ ಹೋಗಲಿಲ್ಲ. ನನ್ನ ಖುಷಿ ಕಂಡು ಹೆಡ್‌ಮಾಸ್ತರರೂ ತರಗತಿಗೆ ಬಂದು ನಿಂತರು.

"ಇದು ಅವಿಭಾಜ್ಯ ಸಂಖ್ಯೆ! ಒಂದು ಮತ್ತು ತನ್ನನ್ನು ಬಿಟ್ಟು ಯಾವುದರಿಂದಲೂ ಭಾಗ ಹೋಗೂದಿಲ್ಲ" ಎಂದು ಸಾರಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗಿಯರು ಒಬ್ಬರನ್ನೊಬ್ಬರು ತಿವಿದರು. ಕೊನೆಗೆ ಪ್ರಶ್ನೆ ಕೇಳಿದವಳೇ ಎದ್ದಳು.

"ಅಕ್ಕೋರ, 239ರಿಂದ ಹೋಗತದ್ರಿ."

ಬೋರ್ಡಿನ ಮೇಲೆ ಮಾಡಿದೆ. 4649 ಬಂತು, ಶೇಷ ಸೊನ್ನೆ. ನೋಟ್‌ಬುಕ್ ತೆಗೆದು ನೋಡಿದರೆ, 239ನ್ನು ಒಂಬತ್ತರಿಂದ ಗುಣಿಸಿ 2151ರ ಬದಲು 2141 ಎಂದು ಬರೆದಿದ್ದೆ. ಹೆಡ್‌ಮಾಸ್ತರರು ಕಿಟಕಿಯಾಚೆ ನೋಡತೊಡಗಿದರು. ನಾನು ಸೀಮೆಸುಣ್ಣ ಕೆಳಗಿಟ್ಟು ಹುಡುಗಿಯರ ಕಡೆ ತಿರುಗಿದೆ.

"ಯಾವಾಗ ಗೊತ್ತಾತು ನಿಮಗ?"

"ಕೇಳಿದ ದಿನಾನ ರೀ. ನಲವತ್ತು ಮಂದಿ ಒಂದೊಂದು ಎರಡೆರಡು ಅವಿಭಾಜ್ಯ ಸಂಖ್ಯೆ ಹಂಚಿಕೊಂಡು ಮಧ್ಯಾಹ್ನದ ಸುಟಿಯೊಳಗ ಮುಗಿಸಿದ್ವಿ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?"

ಅವಳು ತಲೆ ತಗ್ಗಿಸಿದಳು.

"ಹೇಳಬೇಕಂತ ದಿನಾ ಅನ್ಕೊಳ್ತಿದ್ವಿ ರೀ. ಆದ್ರ ನೀವು ಆ ಲೆಕ್ಕಕ್ಕ ಕೂತಾಗಿಂದ ನಮಗ ಮನೆಗೆಲಸಾನ ಕೊಟ್ಟಿರಲಿಲ್ಲಲ್ರಿ!"