ಮಾವನ ಬಸ್ಸಿಗೊಂದು ಗ್ರಾಫಿಕ್ಸ್ ಕಾರ್ಡು

ನಮ್ಮ ವಸ್ತು ಹಳತಾಗಿದೆ ಎಂದು ನಮಗೆ ಗೊತ್ತಾಗುವುದೇ ಇಲ್ಲ. ಬೇರೆಯವರು ಬಳಸಿ ಬೈದಾಗಲೇ ಗೊತ್ತಾಗುವುದು. ಕಾಲೇಜಿನ ದಿನಗಳಲ್ಲಿ ಹಟ ಹಿಡಿದು ಕೊಡಿಸಿಕೊಂಡ ಗೇಮಿಂಗ್ ಕಂಪ್ಯೂಟರನ್ನು ಮದುವೆಯಾದ ಮೇಲೆ ಹೊನ್ನಾಳಿಗೆ ಹೊತ್ತು ತಂದವಳು ನಾನು. ಸೊಸೆ ಬಹಳ ಓದಿದವಳು ಎಂದು ಮನೆಯವರೆಲ್ಲ ತಿಳಿದರು. ನಾನು ಅದರಲ್ಲಿ ಗುಂಡು ಹಾರಿಸುತ್ತಿದ್ದದ್ದು ತಡವಾಗಿ ಬಯಲಾಯಿತು. ಆಮೇಲೆ ಶಾಲೆಯ ಕೆಲಸ ಸಿಕ್ಕಿತು. ಕಂಪ್ಯೂಟರಿನ ಮೇಲೆ ಮಡಿಸಿದ ಬಟ್ಟೆ ಇಡುವ ಅಭ್ಯಾಸವಾಯಿತು.

ಅದಕ್ಕೆ ಮರುಜೀವ ಬಂದದ್ದು ನನ್ನ ಮಾವನಿಂದ. ಜಗಳೂರು ಕಡೆಯ ರೂಟಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಮನೆಯಲ್ಲಿ ಕೂತು ಕೂತು, ರೊಟ್ಟಿ ತಟ್ಟುವ ಅತ್ತೆಗೂ "ಎಡಕ್ಕೆ ತಗೋ, ಸ್ವಲ್ಪ ರಿವರ್ಸ್ ಬಾ" ಎನ್ನತೊಡಗಿದರು. ಅತ್ತೆಯ ಪ್ರಾಣ ಉಳಿಸಲೆಂದು ಬಸ್ ಓಡಿಸುವ ಆಟವೊಂದನ್ನು ಹಾಕಿಕೊಟ್ಟೆ. ರಸ್ತೆ ಯಾವುದೋ ಹೊರದೇಶದ್ದು. "ಇದೆಂಥ ಊರು ಗೀತಾ, ಒಬ್ಬನೂ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯಲ್ಲ!" ಎಂದು ಬೈಯುತ್ತಲೇ ಮಾವ ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಡ್ಯೂಟಿಗೆ ಹಾಜರಾದರು.

ತೊಂದರೆಯೆಂದರೆ, ನನ್ನ ಮುದಿ ಕಂಪ್ಯೂಟರು ರಸ್ತೆಯ ಚಿತ್ರ ಬಿಡಿಸುವಷ್ಟರಲ್ಲಿ ಮಾವನ ಬಸ್ಸು ಅಲ್ಲಿಗೆ ತಲುಪಿರುತ್ತಿತ್ತು. ಖಾಲಿ ರಸ್ತೆಯಲ್ಲಿ ಜನ ತಟ್ಟನೆ ಮೂಡುತ್ತಿದ್ದರು. ಒಂದು ಸಂಜೆ ಹಾಗೆ ಮೂಡಿದ ಮುದುಕಿಯೊಬ್ಬಳಿಗೆ ಬಸ್ಸು ಗುದ್ದಿಯೇಬಿಟ್ಟಿತು. ಮಾವ ಕುರ್ಚಿಯಿಂದ ಎದ್ದವರು ಊಟಕ್ಕೂ ಬರಲಿಲ್ಲ.

"ನನ್ ಸರ್ವೀಸಿನಾಗೆ ಒಂದ್ ಕುರಿಗೂ ಗಾಲಿ ತಾಗಿಸಿಲ್ಲ ಕಣವ್ವಾ. ಈಗ ಮನ್ಯಾಗೆ ಕುಂತು ಹೆಣ್ಮಗಳನ್ನ ಹೊಡ್ದೆ" ಎಂದರು.

"ಆಕೆಗೆ ಏನೂ ಆಗಿಲ್ಲ ತಗಳ್ರಿ, ಸೀರೆ ಕೊಡವಿಕೊಂಡು ಹೋದ್ಳು, ನಾನೇ ನೋಡಿದೆ" ಎಂದು ಅತ್ತೆ ಹಸಿ ಸುಳ್ಳು ಹೇಳಿದರು. ಮಾವ ನಂಬಲಿಲ್ಲ. ಮರುದಿನದಿಂದ ಕಂಪ್ಯೂಟರಿಗೆ ಬೆನ್ನು ಹಾಕಿ ಕೂತರು. ರೊಟ್ಟಿಗೆ ಸಲಹೆ ಕೊಡುವುದನ್ನೂ ಬಿಟ್ಟರು. ಅದನ್ನು ಕಂಡು ಅತ್ತೆಗೇ ಭಯವಾಯಿತು.

ಚಿತ್ರ ಬೇಗ ಬಿಡಿಸುವ ಗ್ರಾಫಿಕ್ಸ್ ಕಾರ್ಡು ಹಾಕಿಸಿದರೆ ಸರಿಹೋಗುತ್ತದೆ ಎಂದೆ. "ಕಡಿಮೆಯದು ನೋಡು" ಎಂದರು ನನ್ನ ಗಂಡ. ಅವರು ನನ್ನನ್ನು ಬಿಟ್ಟು ಉಳಿದೆಲ್ಲದಕ್ಕೂ ಅದನ್ನೇ ಹೇಳುತ್ತಾರೆ ಎಂದು ನನ್ನ ನಂಬಿಕೆ. ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬ ಹೊಗಳಿದ ಕಾರ್ಡನ್ನು ಇನ್ನೊಬ್ಬ ಕಸಕ್ಕೆ ಹಾಕು ಎನ್ನುತ್ತಿದ್ದ. ಕೊನೆಗೆ ಮಾವನನ್ನೇ ಹೊರಡಿಸಿಕೊಂಡು ದಾವಣಗೆರೆಯ ಅಂಗಡಿಗೆ ಹೋದೆ. ಎರಡು ಫ್ಯಾನಿನ, ಬಣ್ಣಬಣ್ಣದ ದೀಪ ಮಿನುಗುವ ಸೆಕೆಂಡ್ ಹ್ಯಾಂಡ್ ಕಾರ್ಡು ಕಂಡದ್ದೇ ನನ್ನ ಬುದ್ಧಿ ಕೈಕೊಟ್ಟಿತು. ಮಾವ ಅದನ್ನು ಕೈಗೆತ್ತಿಕೊಂಡು ಮೂಸಿ ನೋಡಿದರು.

"ಎಷ್ಟು ಓಡೈತೆ?"

"ಕಾರ್ಡಿಗೆ ಮೀಟರ್ ಇರಲ್ಲ ಯಜಮಾನ್ರೇ" ಎಂದ ಅಂಗಡಿಯವನು.

"ಮೀಟರ್ ಬಿಚ್ಚಿಟ್ಟು ಮಾರೋರ್ನ ನಾನೂ ಭಾಳ ನೋಡೀನಿ. ಎಷ್ಟು ಕೈ ದಾಟೈತೆ?"

ನನ್ನ ಕಂಪ್ಯೂಟರಿನ ವಯಸ್ಸು, ಮಾವನ ಆಟ ಎಲ್ಲ ಕೇಳಿ ತಿಳಿದುಕೊಂಡಿದ್ದ ಅಂಗಡಿಯವನು ನಗು ತಡೆದುಕೊಂಡು, "ಮೇಡಂ, ನಿಮ್ ಹಳೇ ಪವರ್ ಸಪ್ಲೈ ಇದನ್ನ ತಾಳಾಕಿಲ್ಲ. ಅದನ್ನೂ ಬದಲಾಯಿಸ್ಬೇಕಾಗ್ತೈತೆ. ಬಸ್ ಆಟಕ್ಕೆ ಈ ಸಣ್ಣದು ಸಾಕು" ಎಂದು ಒಂದೇ ಫ್ಯಾನಿನ ಹೊಸ ಕಾರ್ಡು ತೋರಿಸಿದ. ದೀಪವಿಲ್ಲ, ಬಣ್ಣವಿಲ್ಲ. ನಾನು ಒಲ್ಲದ ಮನಸ್ಸಿನಿಂದ ಒಪ್ಪಿದೆ.

ಮನೆಯಲ್ಲಿ ಕಾರ್ಡು ಕೂರಿಸಿ ಆಟ ಹಾಕಿದೆ. ಮಾವ ಕೈಮುಗಿದು ಬಸ್ಸು ಹೊರಡಿಸಿದರು. ದೂರದಲ್ಲೇ ಸ್ಟಾಪು ಕಂಡಿತು, ಅಲ್ಲಿ ನಿಂತ ಜನ ಕಂಡರು. ಮಾವ ಮೆತ್ತಗೆ ಬ್ರೇಕು ಹಾಕಿ ಬಾಗಿಲು ತೆಗೆದರು. "ಹತ್ರೀ, ಹತ್ರೀ, ಒಳಗ್ ಹೋಗ್ರೀ!" ಎಂದು ಅವರು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅಂದು ಊಟಕ್ಕೆ ಕೂತವರು, "ರೊಟ್ಟಿ ಎಡಕ್ಕೆ ಸೀದೈತೆ" ಎಂದರು. ಅತ್ತೆ ಸಂತೋಷದಿಂದ ಬೈದರು.

ಕಥೆ ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಭಾನುವಾರ ಮಾವ ಕಟಿಂಗ್ ಶಾಪಿಗೆ ಹೋದಾಗ, ಇದೇನು ಮಹಾ ಎಂದು ನಾನೇ ಬಸ್ಸು ಹತ್ತಿದೆ. ಮೊದಲ ತಿರುವಿನಲ್ಲೇ ಬಸ್ಸು ಫುಟ್‌ಪಾತ್ ಏರಿ ಕಂಬವೊಂದನ್ನು ಮಲಗಿಸಿ, ಹೂವಿನಂಗಡಿಯೊಳಗೆ ನಿಂತಿತು. ತಿರುಗಿ ನೋಡಿದರೆ ಮಾವ ಬೆನ್ನ ಹಿಂದೆಯೇ ನಿಂತಿದ್ದಾರೆ. ಪರದೆಯನ್ನು ನೋಡಿದರು, ನನ್ನನ್ನು ನೋಡಿದರು.

"ಎಲ್ಲಾ ಚೆನ್ನಾಗಿ ಕಾಣ್ತೈತಲ್ಲ ಗೀತಾ" ಎಂದರು. "ಈಗ ಡ್ರೈವರಿಗೆ ಯಾವ್ ಕಾರ್ಡ್ ಹಾಕ್ಸಾಣ?"