ಇಳಿಯುವುದನ್ನು ಮರೆತ ಸವಾರ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸಂಪಾದಿಸಿದ ದೊಡ್ಡ ದುರಭ್ಯಾಸವೆಂದರೆ, ಸಮಯ ಮುಗಿಯಿತೆಂದು ಬಾರಿಸುವ ಗಂಟೆಯನ್ನು ಎದುರಾಳಿಯ ಕುತಂತ್ರವೆಂದು ಭಾವಿಸುವುದು. ಈ ಭಾವನೆಯೇ ಮುಂದೆ ನನ್ನ ಕಾಲು ಮುರಿಯಿತು. ಮನೆಗೊಂದು ಬೈಕು ಬಂದು ನಿಲ್ಲುತ್ತಿದ್ದ ಆ ವರ್ಷಗಳಲ್ಲಿ, ಕುರುಬರಹಳ್ಳಿಯ ನಮ್ಮ ಬೀದಿಯವರನ್ನೆಲ್ಲ ಮತ್ತೆ ಸೈಕಲ್ ಹತ್ತಿಸಬೇಕೆಂಬ ಸಂಕಲ್ಪದಿಂದ ನಿವಾಸಿಗಳ ಸಭೆಯಲ್ಲಿ ವೇದಿಕೆ ಏರಿದ್ದೆ. ಗಂಟೆ ಬಾರಿಸುವ ಹೊಣೆ ಪಂಕ್ಚರ್ ಅಂಗಡಿಯ ಗಂಗಣ್ಣನದು. ಆತ ಮೂರು ಸಲ ಬಾರಿಸಿದ. ನಾನು ಮೂರು ಸಲವೂ ದನಿ ಏರಿಸಿದೆ. ಕೊನೆಗೆ ಕೈಮುಗಿದು, ವಿನಯದಿಂದ ಎರಡು ಹೆಜ್ಜೆ ಹಿಂದೆ ಸರಿದೆ. ವೇದಿಕೆ ಒಂದೇ ಹೆಜ್ಜೆಗೆ ಮುಗಿದಿತ್ತು. ಎಡಗಾಲಿನ ಮೂಳೆ ಮುರಿದದ್ದು ಭಾಷಣದಿಂದ. ಅಪವಾದ ಬಂದದ್ದು ಸೈಕಲ್ಲಿಗೆ. "ಸೈಕಲ್ಲು ಸೈಕಲ್ಲು ಅಂತಿದ್ರು, ನೋಡಿ, ಕಾಲು ಮುರ್ಕೊಂಡ್ರು" ಎಂದು ಬೀದಿ ತೀರ್ಪು ಕೊಟ್ಟಿತು.

ಹೀಗಾಗಿ ನಾಲ್ಕು ತಿಂಗಳ ಬಳಿಕ ವೈದ್ಯರು, "ನಿಧಾನವಾಗಿ ತುಳೀರಿ, ಆದ್ರೆ ಎಡಗಾಲಿನ ಮೇಲೆ ಪೂರ್ತಿ ಭಾರ ಬೇಡ" ಎಂದಾಗ, ಅದು ನನ್ನ ಪಾಲಿಗೆ ಕೇವಲ ವ್ಯಾಯಾಮವಾಗಿರಲಿಲ್ಲ. ಸೋತ ವಾದವನ್ನು ಗೆಲ್ಲುವ ಕೊನೆಯ ಅವಕಾಶವಾಗಿತ್ತು. ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಸುಮತಿ ಸೈಕಲ್ಲನ್ನು ಮೆಟ್ಟಿಲಿಗೆ ಒತ್ತಿ ಹಿಡಿದಳು. ಮೆಟ್ಟಿಲ ಮೇಲಿಂದಲೇ ಸೀಟಿಗೆ ಸರಿದು ಕುಳಿತೆ.

"ಬೀಳಲ್ಲ ತಾನೇ?"

"ಸಮತೋಲನವೆಂದರೆ ವಿವೇಕ" ಎಂದೆ.

"ಅದಿದ್ದಿದ್ರೆ ಅವತ್ತೇ ಗಂಟೆ ಕೇಳಿಸ್ತಿತ್ತು. ಹೋಗ್ಬನ್ನಿ" ಎಂದು ಕೈಬಿಟ್ಟಳು.

ಪಾರ್ಕಿನ ಸುತ್ತ ಮೊದಲ ಸುತ್ತು ಹಾಕುವಾಗ ಕಣ್ಣು ತುಂಬಿತು. ನಾಲ್ಕು ತಿಂಗಳು ದಿಂಬಿನ ಮೇಲೆ ಅತಿಥಿಯಂತೆ ಮಲಗಿದ್ದ ಕಾಲು, ಹೇಳದೆಯೇ ತನ್ನ ಕೆಲಸ ಮಾಡುತ್ತಿತ್ತು. ಎರಡನೆಯ ಸುತ್ತಿನಲ್ಲಿ ಹೊಂಗೆಯ ನೆರಳಿಗೂ ಹೋಟೆಲಿನ ಸಾಂಬಾರಿನ ಘಮಕ್ಕೂ ಮನಸ್ಸಿನಲ್ಲೇ ವಂದಿಸಿದೆ. ಮೂರನೆಯದರಲ್ಲಿ ಒಂದು ಸಂಗತಿ ಹೊಳೆದು ಬೆವರಿದೆ: ಹತ್ತುವುದನ್ನು ಯೋಚಿಸಿದ್ದೆ, ಇಳಿಯುವುದನ್ನಲ್ಲ. ಹುಡುಗತನದಿಂದಲೂ ನಾನು ಇಳಿದದ್ದು ಎಡಗಾಲೂರಿಯೇ. ಬಲಗಾಲು ಊರಬಹುದಿತ್ತಲ್ಲ ಎಂದು ನೀವು ಕೇಳಬಹುದು. ವಾದ ಸರಿ, ಆದರೆ ನನ್ನ ದೇಹ ವಾದ ಕೇಳುವ ಸ್ಥಿತಿಯಲ್ಲಿರಲಿಲ್ಲ. ಆರನೆಯ ಸುತ್ತಿಗೆ ತೊಡೆ ನಡುಗತೊಡಗಿತು. ಇನ್ನು ಬಿದ್ದರೆ ಕಾಲೂ ಹೋಯಿತು, ಸೈಕಲ್ಲಿನ ಮಾನವೂ ಹೋಯಿತು ಎಂದುಕೊಂಡು, ಗಂಗಣ್ಣನ ಅಂಗಡಿ ಹತ್ತಿರವಾದಂತೆ ಎಡೆಬಿಡದೆ ಬೆಲ್ ಬಾರಿಸಿದೆ.

"ರೋಡು ಖಾಲಿ ಐತಲ್ಲ ಸಾರ್, ಯಾರಿಗ್ ಬೆಲ್ಲು?"

"ನಿನಗೇ! ನನ್ನ ಇಳಿಸಪ್ಪಾ ಗಂಗಣ್ಣ!"

ಕೈಯಲ್ಲಿದ್ದ ಟ್ಯೂಬು ಎಸೆದು ಓಡಿಬಂದ. ಒಂದು ಕೈ ಕ್ಯಾರಿಯರಿಗೆ, ಇನ್ನೊಂದು ನನ್ನ ತೋಳಿಗೆ. "ಬಲಗಾಲು ಮೊದ್ಲು, ಸಾರ್. ನಾನಿದೀನಿ, ಬುಡಿ" ಎನ್ನುತ್ತ ಮಗುವನ್ನು ಇಳಿಸುವಂತೆ ಇಳಿಸಿದ. "ನಾಳೆನೂ ಬನ್ನಿ. ಬೆಲ್ ಹೊಡೀರಿ, ಹಿಡ್ಕೋತೀನಿ."

ಮನುಷ್ಯ ಮನುಷ್ಯನಿಗೆ ಆಸರೆಯಾಗುವ ಈ ಸಂಬಂಧದ ಬಗ್ಗೆ ಹೇಳಬೇಕಾದದ್ದು ಬಹಳವಿತ್ತು. ಹ್ಯಾಂಡಲ್ಲಿಗೆ ಒರಗಿ, "ಗಂಗಣ್ಣ, ಸಮಾಜವೆಂದರೇನು..." ಎಂದು ಆರಂಭಿಸಿದೆ. ಆತ ಕೈ ಚಾಚಿ, ನನ್ನದೇ ಸೈಕಲ್ಲಿನ ಬೆಲ್ಲನ್ನು ಒಮ್ಮೆ ಮೆಲ್ಲಗೆ ಬಾರಿಸಿದ.

ಬದುಕಿನಲ್ಲಿ ಮೊದಲ ಬಾರಿಗೆ, ಮೊದಲ ಗಂಟೆಗೇ ಮಾತು ನಿಲ್ಲಿಸಿದೆ.