ನಮ್ಮವರ ವ್ಯಾಕ್ಯೂಮ್ ಕ್ಲೀನರುಗಳು

ಮನುಷ್ಯನಿಗೆ ಏನಾದರೊಂದು ಹುಚ್ಚು ಇರಬೇಕು, ಇಲ್ಲದಿದ್ದರೆ ಬದುಕು ಸಪ್ಪೆ ಎಂದು ಹೇಳುವವರನ್ನು ಕಂಡಾಗಲೆಲ್ಲ ನನಗೆ ಒಂದೇ ಮಾತು ಕೇಳಬೇಕೆನಿಸುತ್ತದೆ: ನೀವು ಎಂದಾದರೂ ಇನ್ನೊಬ್ಬರ ಹುಚ್ಚಿನ ಜೊತೆ ಒಂದೇ ಮನೆಯಲ್ಲಿ ಸಂಸಾರ ಮಾಡಿದ್ದೀರಾ? ಅಂಚೆ ಚೀಟಿ ಕೂಡಿಸುವವನ ಹೆಂಡತಿ ಪುಣ್ಯವಂತೆ. ಗಂಡನ ಹುಚ್ಚನ್ನು ಆಕೆ ಒಂದು ಕಪಾಟಿನಲ್ಲಿಟ್ಟು ಬೀಗ ಹಾಕಬಹುದು. ನಮ್ಮವರು ಕೂಡಿಸುವುದು ಹಳೆಯ ವ್ಯಾಕ್ಯೂಮ್ ಕ್ಲೀನರುಗಳನ್ನು. ಅವುಗಳಲ್ಲೂ ಎಲ್ಲವೂ ಆಗುವುದಿಲ್ಲ. ನೆಲದ ಮೇಲೆ ಮಲಗಿಕೊಂಡು, ಉದ್ದನೆಯ ಪೈಪಿನಿಂದ ಎಳೆಸಿಕೊಂಡು ಓಡಾಡುವ ತಗಡಿನ ಡಬ್ಬಿಯಂಥವೇ ಆಗಬೇಕು.

ನಮ್ಮವರು ದನದ ಡಾಕ್ಟರು. ಹಳ್ಳಿ ಹಳ್ಳಿ ತಿರುಗುವ ಕೆಲಸ. ಬೇರೆ ಡಾಕ್ಟರು ಎಮ್ಮೆಯನ್ನು ನೋಡಿ, ಸೂಜಿ ಚುಚ್ಚಿ, ಚಹಾ ಕುಡಿದು ವಾಪಸ್ಸು ಬರುತ್ತಾರೆ. ಇವರು ಎಮ್ಮೆಯ ಜೊತೆಗೆ ಮನೆಯ ಅಟ್ಟವನ್ನೂ ನೋಡಿ ಬರುತ್ತಾರೆ. ಯಾವ ಕಾಲದಲ್ಲೋ ಮುಂಬೈ, ಹೈದರಾಬಾದಿಗೆ ಹೋಗಿ ಬಂದವರು ಹೊತ್ತು ತಂದು, ನಾಲ್ಕು ದಿನ ನಡೆಸಿ, ಅಟ್ಟಕ್ಕೆ ಎಸೆದ ಯಂತ್ರಗಳು ನಮ್ಮ ಕಡೆ ಇಷ್ಟೊಂದು ಇವೆ ಎಂದು ನನಗೆ ಮದುವೆಯಾಗುವವರೆಗೆ ಗೊತ್ತಿರಲಿಲ್ಲ. ಯಂತ್ರ ಕಂಡರೆ ಸಾಕು, ಇವರು ಅದನ್ನು ಹೋರಿಯನ್ನು ಪರೀಕ್ಷಿಸಿದಂತೆ ಪರೀಕ್ಷಿಸುತ್ತಾರೆ. ಬೋರಲು ಹಾಕುತ್ತಾರೆ. ಹೊಟ್ಟೆಯ ಕೆಳಗೆ ಗಾಲಿ ಇವೆಯೋ, ಜಾರುವ ಉಕ್ಕಿನ ಪಟ್ಟಿ ಇವೆಯೋ. ಕರೆಂಟಿನ ವೈರಿನ ಮೇಲೆ ರಬ್ಬರಿನ ಹೊದಿಕೆಯೋ, ನೂಲಿನದೋ. ಒಳಗಿನ ಚೀಲ ಬಟ್ಟೆಯದೋ, ಕಾಗದದ್ದೋ ಎಂದು ತಡವಿ ನೋಡಿ ವಯಸ್ಸು ಹೇಳುತ್ತಾರೆ. ನನ್ನ ಹುಟ್ಟಿದ ದಿನ ಮಾತ್ರ ಅವರಿಗೆ ಇವತ್ತಿಗೂ ನೆನಪಿರುವುದಿಲ್ಲ.

ಸರ್ಕಾರಿ ನೌಕರಿ ಎಂದ ಮೇಲೆ ವರ್ಗಾವಣೆ ತಪ್ಪಿದ್ದಲ್ಲ. ಆಳಂದದಿಂದ ಜೇವರ್ಗಿಗೆ, ಜೇವರ್ಗಿಯಿಂದ ಅಫಜಲಪುರಕ್ಕೆ ನಮ್ಮ ಜೊತೆ ಈ ಯಂತ್ರಗಳೂ ಬಂದವು. ಜೇವರ್ಗಿಯಲ್ಲಿ ಸಾಮಾನು ಏರಿಸುತ್ತಿದ್ದ ಹಮಾಲನೊಬ್ಬ ಒಂದನ್ನು ಎತ್ತಿ, ಹಾಗೇ ಮೆಲ್ಲಗೆ ಕೆಳಗಿಟ್ಟು, "ಡಾಕ್ಟರ್ ಸಾಹೇಬ್ರ, ಇದು ಸಿಡಿಯಂಗಿಲ್ಲಲ್ರಿ?" ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ಅಫಜಲಪುರದ ಮನೆಯಲ್ಲಿ ಮಂಚದ ಕೆಳಗೆ, ಮೆಟ್ಟಿಲ ಕೆಳಗೆ, ಜೋಳದ ಚೀಲಗಳ ನಡುವೆ ಎಲ್ಲೆಂದರಲ್ಲಿ ಅವೇ. ಹೊರಗೆ ಎರೆಹೊಲದ ಧೂಳು. ಬೇಸಿಗೆಯಲ್ಲಿ ಗಾಳಿ ಎದ್ದರೆ ಬೆಳಿಗ್ಗೆ ಒರೆಸಿದ ಟೇಬಲ್ಲಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಆದರೆ ಒಂದು ಯಂತ್ರವನ್ನೂ ಚಾಲೂ ಮಾಡುವಂತಿಲ್ಲ. "ಹಳೀ ಮೋಟಾರ ಅವ. ಸುಟ್ಟ ಹೋದ್ರ ಮತ್ತ ಸಿಗಂಗಿಲ್ಲ" ಎಂದು ಅಪ್ಪಣೆಯಾಗಿದೆ. ಹೀಗಾಗಿ ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ದಣಿದು ಮನೆಗೆ ಬಂದು, ಕಸಬರಿಗೆ ಹಿಡಿದು ವ್ಯಾಕ್ಯೂಮ್ ಕ್ಲೀನರುಗಳ ಮೇಲಿನ ಧೂಳು ಹೊಡೆಯುತ್ತೇನೆ. ಜಗಳವಾಡಿದ್ದೂ ಆಯಿತು, ಮಾತು ಬಿಟ್ಟಿದ್ದೂ ಆಯಿತು. ಮಾತು ಬಿಟ್ಟ ದಿನಗಳಲ್ಲಿ ಅವರು ಯಂತ್ರಗಳಿಗೆ ಪಾಲಿಶ್ ಹಚ್ಚುತ್ತ ಇನ್ನೂ ಸುಖವಾಗಿದ್ದುದನ್ನು ಕಂಡು ಅದನ್ನೂ ಕೈಬಿಟ್ಟೆ.

ಈಚೆಗೆ ಮಣ್ಣೂರಿನಲ್ಲಿ ಒಂದು ಆಕಳನ್ನು ನೋಡಲು ಹೋದವರು ಮುಖ ಅರಳಿಸಿಕೊಂಡು ಬಂದರು. ಖಾಸಿಂಬಿ ಎಂಬ ಮುದುಕಿಯ ಮನೆಯ ಅಟ್ಟದಲ್ಲಿ ಹಸಿರು ಬಣ್ಣದ್ದೊಂದು ಮಲಗಿದೆಯಂತೆ. ಆದರೆ ಆಕೆ ಇವರ ಮಾತಿಗೆ ಹೂಂ ಎಂದಿಲ್ಲ. "ನೀ ಒಮ್ಮಿ ಬಾ. ಹೆಣ್ಣಮಕ್ಕಳು ಕೇಳಿದ್ರ ಬ್ಯಾರೇನೇ ಇರ್ತದ" ಎಂದು ಇವರು ನನ್ನ ಬೆನ್ನು ಹತ್ತಿದರು. ನಾನು ಕೂಡಲೇ ಒಪ್ಪಿದ್ದನ್ನು ಕಂಡು ಅವರಿಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಭಾನುವಾರ ಮೋಟಾರು ಸೈಕಲ್ಲಿನ ಹಿಂದೆ ಕುಳಿತು ಮಣ್ಣೂರಿಗೆ ಹೋದೆ.

ಖಾಸಿಂಬಿ ಬೆನ್ನು ಬಾಗಿದ, ಕಣ್ಣು ಚುರುಕಾಗಿದ್ದ ಮುದುಕಿ. ಇವರನ್ನು ಕಟ್ಟೆಯ ಮೇಲೆ ಕೂರಿಸಿ ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಅಡುಗೆ ಮನೆಯಲ್ಲಿ ಚಹಾ ಕುದಿಯುತ್ತಿದ್ದಾಗ ನಾನು ದನಿ ತಗ್ಗಿಸಿ, ಹಾದಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಹೇಳಿದೆ: "ಅಮ್ಮಾ, ಅವರು ಎಷ್ಟ ಕೇಳಿದ್ರೂ ಕೊಡಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ. ಮನ್ಯಾಗ ಕಾಲಿಡಾಕ ಜಾಗಾ ಇಲ್ರಿ."

ಮುದುಕಿ ನನ್ನ ಮುಖ ನೋಡಿ ನಕ್ಕಳು. "ನಡಸ್ತೀರೇನು ಅವನ್ನ?"

"ಎಲ್ಲಿ ನಡಸೋದ್ರಿ? ಮುಟ್ಟಾಕ ಬಿಡಂಗಿಲ್ಲ."

ಖಾಸಿಂಬಿ ಒಲೆಯ ಮುಂದೆ ಕುಳಿತಲ್ಲೇ ತನ್ನ ಕಥೆ ಹೇಳಿದಳು. ಅವಳಿಗೆ ಚಿಕ್ಕ ವಯಸ್ಸಿನಿಂದಲೂ ದಮ್ಮು. ಕಸ ಹೊಡೆದರೆ ಉಸಿರು ಕಟ್ಟುತ್ತಿತ್ತು. ಹೈದರಾಬಾದಿನಲ್ಲಿ ಬಟ್ಟೆ ವ್ಯಾಪಾರಕ್ಕೆ ಹೋಗುತ್ತಿದ್ದ ಗಂಡ ಅದನ್ನು ನೋಡಲಾರದೆ ಈ ಯಂತ್ರ ತಂದುಕೊಟ್ಟ. ಒಂದೇ ಒಂದು ದಿನ ನಡೆಸಿದಳು. "ನಮ್ಮ ಅತ್ತಿ ಬಾಗಲದಾಗ ನಿಂತು, ಕಸಾ ಹೊಡಿಯಾಕ ಕೈ ಬಿದ್ದಾವೇನ ನಿನ್ನವ ಅಂದ್ಲು. ಅವತ್ತೇ ಅಟ್ಟಕ್ಕ ಹೋತು ನೋಡು ಬೇಟಿ. ಅತ್ತೀನೂ ಹೋದ್ಲು, ಅವರೂ ಹೋದ್ರು. ಇಳಸಿ ನಡಸಬೇಕಂತ ಮನಸಾತು. ಅಷ್ಟೊತ್ತಿಗಿ ನನ್ನ ನಡಾನ ಹೋಗಿತ್ತು."

ನಾನು ಚಹಾ ಸೋಸಿದೆ. ಹೊರಗೆ ಬಂದ ಮೇಲೆ ಖಾಸಿಂಬಿ ಇವರಿಗೆ ನೇರವಾಗಿಯೇ ಹೇಳಿದಳು: "ಸಾಹೇಬ್ರ, ನಿಮಗ ಕೊಡಂಗಿಲ್ಲ. ಈಕಿಗಿ ಕೊಡ್ತೇನಿ. ಆದ್ರ ಈಕಿ ಅದನ್ನ ನಡಸಬೇಕು. ಅಟ್ಟಕ್ಕ ಇಡಾಕ ನನ್ನ ಅಟ್ಟ ಇದ್ದೇ ಅದ."

ನಾನು ಬೇಡವೆಂದು ಬೇಡಿಕೊಳ್ಳಲು ಹೋದವಳು, ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ವಾಪಸ್ಸು ಬಂದೆ. ದಾರಿಯುದ್ದಕ್ಕೂ ಇವರು ಹಾಡು ಗುನುಗುತ್ತಿದ್ದರು.

ಮನೆಗೆ ಬಂದ ಮೇಲೆ ನಡೆಸುವ ಮಾತೆತ್ತಿದರೆ ಇವರು ಹಳೆಯ ರಾಗವನ್ನೇ ಹಾಡಿದರು. ನಾನು ವಾದಿಸಲಿಲ್ಲ. ಅವರು ಲಸಿಕೆ ಹಾಕಲು ಹಳ್ಳಿಗೆ ಹೋದ ದಿನ ಶಾಲೆಗೆ ರಜೆ ಹಾಕಿ, ಯಂತ್ರವನ್ನು ಪಡಸಾಲೆಯ ಮಧ್ಯದಲ್ಲಿಟ್ಟೆ. ಅದಕ್ಕೆ ಮುಂದೊಂದು ಬಾಯಿ, ಹಿಂದೊಂದು ಬಾಯಿ. ಪೈಪು ಎರಡಕ್ಕೂ ಕೂಡುತ್ತಿತ್ತು. ಹಿಂದಿನದಕ್ಕೆ ಸಲೀಸಾಗಿ ಕೂಡಿತೆಂದು ಅಲ್ಲೇ ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ಅದು ಎಳೆದುಕೊಳ್ಳುವ ಬಾಯಲ್ಲ, ಊದುವ ಬಾಯಿ ಎಂದು ನನಗೆ ತಿಳಿಯುವಷ್ಟರಲ್ಲಿ ಖಾಸಿಂಬಿಯ ಅಟ್ಟದಲ್ಲಿ ವರ್ಷಗಟ್ಟಲೆ ಪೈಪಿನೊಳಗೆ ಕೂಡಿದ್ದ ಕಸವೆಲ್ಲ ನನ್ನ ಮುಖಕ್ಕೆ ಬಂತು. ಗಾಬರಿಯಿಂದ ಪೈಪು ಬಿಟ್ಟೆ. ಅದು ಹೊರಳಾಡಿ, ಆಗಷ್ಟೇ ಗಿರಣಿಯಿಂದ ತಂದು ಆರಲು ಹರವಿದ್ದ ಜೋಳದ ಹಿಟ್ಟಿನ ಕಡೆ ಬಾಯಿ ತಿರುಗಿಸಿತು. ಸ್ವಿಚ್ಚು ಹುಡುಕಿ ಆರಿಸುವ ಹೊತ್ತಿಗೆ ಗೋಡೆಯ ಮೇಲಿದ್ದ ನಮ್ಮ ಮದುವೆಯ ಫೋಟೋದಲ್ಲಿ ಯಾರು ಗಂಡು, ಯಾರು ಹೆಣ್ಣು ಎಂದು ಗೊತ್ತಾಗುತ್ತಿರಲಿಲ್ಲ.

ಲಸಿಕೆ ಬೇಗ ಮುಗಿಯಿತೆಂದು ಇವರು ಅದೇ ಹೊತ್ತಿಗೆ ಬಂದರು. ಬಾಗಿಲಲ್ಲಿ ನಿಂತು ಹಿಟ್ಟಿನಲ್ಲಿ ಮಿಂದ ನನ್ನನ್ನು ನೋಡಿದರು, ಯಂತ್ರವನ್ನು ನೋಡಿದರು. ನಾನು ಜಗಳಕ್ಕೆ ಸಿದ್ಧಳಾಗಿ ಸೆರಗು ಬಿಗಿದೆ. ಅವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಮೆಲ್ಲಗೆ ಕೇಳಿದರು: "ಆವಾಜ ಹೆಂಗಿತ್ತು?"

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಕೂಡಿಸಿದ ಯಂತ್ರಗಳಲ್ಲಿ ಒಂದರ ದನಿಯನ್ನೂ ಈ ಮನುಷ್ಯ ಕೇಳಿರಲಿಲ್ಲ. ಎಲ್ಲಿ ಸುಟ್ಟುಹೋಗುತ್ತದೋ ಎಂಬ ಹೆದರಿಕೆಯಲ್ಲೇ ಒರೆಸಿ ಒರೆಸಿ ಇಟ್ಟಿದ್ದರು. "ನೀವೇ ಕೇಳ್ರಿ" ಎಂದೆ. ಅವರು ಪೈಪನ್ನು ಮುಂದಿನ ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದರು. ಅದು ಗುಂಯ್ ಎಂದು ಹಿಟ್ಟು ನುಂಗತೊಡಗಿತು. ನಾನು ಖಾಸಿಂಬಿಗೆ ಫೋನು ಹಚ್ಚಿ, ಮೊಬೈಲನ್ನು ಯಂತ್ರದ ಹತ್ತಿರ ಹಿಡಿದೆ. "ಕೇಳ್ರಿ ಅಮ್ಮಾ" ಎಂದೆ.

"ಹೌದು ಬೇಟಿ, ಅದೇ" ಎಂದಳು. ಮೂಗು ಒರೆಸಿಕೊಂಡ ಸದ್ದಾಯಿತು. ಆಮೇಲೆ ದನಿ ಏರಿಸಿ, "ಕರಜಗ್ಯಾಗ ನನ್ನ ತಂಗಿ ಮನ್ಯಾಗೂ ಒಂದು ಬಿದ್ದದ. ನಡಸವ್ರು ಸಿಕ್ಕಾರ ಅಂತ ಈಗೇ ಹೇಳ್ತೇನಿ. ನಾಳಿ ಬಸ್ಸಿಗಿ ಹಾಕಿ ಕಳಸ್ತಾರ" ಎಂದಳು.

ಬೇಡವೆನ್ನಲು ಬಾಯಿ ತೆರೆದೆ. ಎದುರಿಗೆ ಇವರು ಪೈಪು ಹಿಡಿದು ಮಂಚದ ಕೆಳಗೆ ತಲೆ ಹಾಕಿದ್ದರು. ಮದುವೆಯಾದ ಮೇಲೆ ಅವರು ಕಸ ತೆಗೆದಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಪೈಪು ಮರೀಬ್ಯಾಡಂತ ಹೇಳ್ರಿ ಅಮ್ಮಾ" ಎಂದುಬಿಟ್ಟೆ.

ಮರುದಿನ ಶಾಲೆ ಬಿಟ್ಟ ಮೇಲೆ, ನಿಂತೂ ನಿಂತೂ ಕಾಲು ಸೋತಿದ್ದರೂ ಬಸ್ ಸ್ಟ್ಯಾಂಡಿಗೆ ಹೋದೆ. ಕಂಡಕ್ಟರ್ ಗೋಣಿಚೀಲದಲ್ಲಿ ಸುತ್ತಿದ್ದ ಯಂತ್ರವನ್ನು ಏದುಸಿರು ಬಿಡುತ್ತ ಕೆಳಗಿಳಿಸಿ, ಅನುಕಂಪದಿಂದ ನನ್ನ ಮುಖ ನೋಡಿ ಕೇಳಿದ: "ಡಾಕ್ಟರ್ ಸಾಹೇಬ್ರದೇನ್ರಿ ಇದು?"

"ಅಲ್ರಿ," ಎಂದೆ, "ನಂದು."